ಕತ್ತರಿ ಕೆಳಗಿಡಿ ಮೇಷ್ಟ್ರೇ

"ಇದ್ದ ಕ್ರೆಡಿಟ್ ಕಾರ್ಡೆಲ್ಲಾ ಕ್ಲೋಸ್ ಮಾಡಿಸ್ಕೊಂಡೇ ಬಂದಿದ್ದೀನಿ ಸಾರ್. ಈಗ ನಾನು ಪೂರ್ತಿ ಕ್ಲೀನು."

ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಹಾಸನದಲ್ಲಿ ಗೃಹಸಾಲದ ಫೈಲ್ ತಯಾರು ಮಾಡಿಕೊಡುವುದು ನನ್ನ ಕೆಲಸ. ಇ-ಖಾತಾ, ಇಸಿ (ಋಣಭಾರ ಪತ್ರ), ಹುಡಾ ಅಂದರೆ ನಗರಾಭಿವೃದ್ಧಿ ಪ್ರಾಧಿಕಾರದ ಸೈಟೋ ಪಂಚಾಯಿತಿ ಸೈಟೋ, ಪ್ಲಾನ್ ಯಾವಾಗ ಸಿಗುತ್ತೆ, ಇದನ್ನೆಲ್ಲಾ ಜನ ಹತ್ತು ಸಲ ಫೋನ್ ಮಾಡಿ ಕೇಳುತ್ತಾರೆ. ಕ್ರೆಡಿಟ್ ಕಾರ್ಡಿನ ವಿಷಯ ಬಂದಾಗ ಮಾತ್ರ ಯಾರನ್ನೂ ಕೇಳುವುದಿಲ್ಲ. ಕಾರ್ಡು ಕಮ್ಮಿ ಇದ್ದಷ್ಟೂ ಸಾಲ ಸಲೀಸು ಅಂತ ಷಡ್ಡಕ ಹೇಳಿದ, ಸ್ಟಾಫ್ ರೂಮಿನಲ್ಲಿ ಯಾರೋ ಅಂದರು ಅಂತ ಅರ್ಜಿ ಹಾಕುವ ಹಿಂದಿನ ವಾರ ಹೋಗಿ ಕ್ಲೋಸ್ ಮಾಡಿಸಿ ಬರುತ್ತಾರೆ. ಅದೂ ಇಟ್ಟುಕೊಳ್ಳಬೇಕಾದ ಕಾರ್ಡನ್ನೇ ಹುಡುಕಿ ತೆಗೆಸಿರುತ್ತಾರೆ!

ಹೊಳೆನರಸೀಪುರದ ಕಡೆಯ ಒಬ್ಬ ಹೈಸ್ಕೂಲ್ ಮೇಷ್ಟ್ರ ಕಥೆ ಹೇಳುತ್ತೇನೆ. ಗುರುತು ಸಿಗದ ಹಾಗೆ ಅಂಕಿಗಳನ್ನು ಸ್ವಲ್ಪ ಬದಲಾಯಿಸಿದ್ದೇನೆ. ಅವರ ಹತ್ತಿರ ಮೂರು ಕಾರ್ಡ್ ಇದ್ದವು. ಸಂಬಳದ ಬ್ಯಾಂಕಿನದು 2 ಲಕ್ಷದ ಮಿತಿ, ಎಲ್ಲಕ್ಕಿಂತ ಹಳೆಯದು. ಇನ್ನೊಂದು 1 ಲಕ್ಷ 20 ಸಾವಿರದ್ದು. ಮೂರನೆಯದು ಪೆಟ್ರೋಲ್ ಬಂಕಿನ ಹತ್ತಿರ ಕೊಟ್ಟಿದ್ದು, ಮಿತಿ ಬರೀ 40 ಸಾವಿರ. ತಿಂಗಳಿಗೆ ಕಾರ್ಡಿನಲ್ಲಿ ಅವರು ಮಾಡುತ್ತಿದ್ದ ಖರ್ಚು ಸುಮಾರು 36 ಸಾವಿರ. ಮಗಳ ಪಿಯುಸಿ ಫೀಸಿನ ಕಂತು, ಪೆಟ್ರೋಲು, ದಿನಸಿ. ಒಂದು ತಿಂಗಳೂ ತಪ್ಪದೆ ಪೂರ್ತಿ ಬಿಲ್ ಕಟ್ಟಿದ ಮನುಷ್ಯ.

ಇವರು ದೊಡ್ಡ ಎರಡನ್ನು ಕ್ಲೋಸ್ ಮಾಡಿಸಿ, ಪೆಟ್ರೋಲಿಗೆ ಪಾಯಿಂಟ್ ಬರುತ್ತೆ ಅಂತ ಸಣ್ಣದನ್ನು ಉಳಿಸಿಕೊಂಡರು. ಸಾಲದ್ದಕ್ಕೆ ದೊಡ್ಡ ಕಾರ್ಡುಗಳನ್ನು ನಾಲ್ಕು ನಾಲ್ಕು ತುಂಡು ಮಾಡಿ, ಕವರಿನಲ್ಲಿ ಹಾಕಿಕೊಂಡು ಬಂದು ನನ್ನ ಟೇಬಲ್ ಮೇಲೆ ಸುರಿದರು. ಬಹುಮಾನ ಕೊಡುತ್ತೇನೆ ಅಂದುಕೊಂಡಿದ್ದರೋ ಏನೋ.

ಈಗ ಲೆಕ್ಕ ನೋಡಿ. ಮೊದಲು ಒಟ್ಟು ಮಿತಿ 3 ಲಕ್ಷ 60 ಸಾವಿರ. ಅದರಲ್ಲಿ ಬಳಕೆ 36 ಸಾವಿರ. ನೂರಕ್ಕೆ ಹತ್ತು. ಕ್ಲೋಸ್ ಮಾಡಿಸಿದ ಮೇಲೆ ಮಿತಿ 40 ಸಾವಿರ, ಬಳಕೆ ಅದೇ 36 ಸಾವಿರ. ನೂರಕ್ಕೆ ತೊಂಬತ್ತು. ಮೇಷ್ಟ್ರು ಒಂದು ರೂಪಾಯಿ ಜಾಸ್ತಿ ಖರ್ಚು ಮಾಡಿಲ್ಲ, ಒಂದು ದಿನ ತಡವಾಗಿ ಕಟ್ಟಿಲ್ಲ. ಆದರೂ ಕ್ರೆಡಿಟ್ ರಿಪೋರ್ಟಿನಲ್ಲಿ, ಅಂದರೆ ಸಾಲ ಕೊಡುವ ಮುಂಚೆ ಬ್ಯಾಂಕು ತೆಗೆದು ನೋಡುವ ಸಾಲದ ಚರಿತ್ರೆಯಲ್ಲಿ, ಕೈಯಲ್ಲಿ ಕಾಸಿಲ್ಲದೆ ಕಾರ್ಡನ್ನು ಕೊನೆ ತನಕ ಉಜ್ಜುವ ಮನುಷ್ಯನ ಹಾಗೆ ಕಾಣಿಸುತ್ತಾರೆ. ಗೊರೂರು ಅಣೆಕಟ್ಟೆ 37 ಟಿಎಂಸಿ ನೀರು ಹಿಡಿಯುತ್ತೆ. ಅದರಲ್ಲಿ ಒಂದು ಟಿಎಂಸಿ ಇದ್ದರೆ ಯಾರೂ ತಿರುಗಿ ನೋಡುವುದಿಲ್ಲ. ಅದೇ ನೀರನ್ನು ಊರ ಕೆರೆಗೆ ಬಿಟ್ಟು ನೋಡಿ, ಕೋಡಿ ಬಿದ್ದು ಏರಿಯೇ ಒಡೆಯುತ್ತೆ.

ಇದಿಷ್ಟೇ ನಾನು ಹೇಳಬೇಕಾಗಿರುವುದು. ಆದರೆ ಎಷ್ಟು ಸಲ ಹೇಳಿದರೂ ಜನ ತಲೆ ಆಡಿಸಿ, "ಆದ್ರೂ ಸಾರ್, ಕಾರ್ಡ್ ಕಮ್ಮಿ ಇದ್ರೆ ಒಳ್ಳೇದಲ್ವಾ?" ಅನ್ನುತ್ತಾರೆ. ಅದಕ್ಕೇ ಇನ್ನೊಂದು ಸಲ ಹೇಳುತ್ತೇನೆ. ಕಾರ್ಡುಗಳ ಸಂಖ್ಯೆಗಿಂತ, ಇರುವ ಮಿತಿಯಲ್ಲಿ ಎಷ್ಟು ಪಾಲು ಬಳಸಿದ್ದೀರಿ ಅನ್ನುವುದು ಸ್ಕೋರಿನ, ಅಂದರೆ ಆ ರಿಪೋರ್ಟಿನ ಮೇಲೆ ಹಾಕುವ ಅಂಕದ, ಲೆಕ್ಕದಲ್ಲಿ ಭಾರ. ನೂರಕ್ಕೆ ಮೂವತ್ತರ ಒಳಗಿದ್ದರೆ ವಾಸಿ ಅಂತ ನಮ್ಮ ಕಡೆ ಒಂದು ರೂಢಿಯ ಲೆಕ್ಕ ಇದೆ. ಇದು ಕಾನೂನಲ್ಲ. ಸ್ಕೋರ್ ಹಾಕುವ ಪೂರ್ತಿ ಸೂತ್ರವನ್ನು ಯಾವ ಸಂಸ್ಥೆಯೂ ಹೊರಗೆ ಬಿಟ್ಟುಕೊಡುವುದಿಲ್ಲ. ಹಾಗಾಗಿ ಇಷ್ಟು ಮಾಡಿದರೆ ಇಷ್ಟು ಅಂಕ ಏರುತ್ತೆ ಅಂತ ಯಾರಾದರೂ ಗ್ಯಾರಂಟಿ ಕೊಟ್ಟರೆ ನಂಬಬೇಡಿ. ನಾನೂ ಕೊಡುವುದಿಲ್ಲ.

ಇದರ ಬಾಲಕ್ಕೇ ಅಂಟಿಕೊಂಡು ಬರುವ ಇನ್ನೊಂದು ಪ್ರಶ್ನೆ ಇದೆ. "ನಾನು ಪೂರ್ತಿ ಕಟ್ತೀನಲ್ಲ ಸಾರ್, ಬಾಕಿ ಎಲ್ಲಿಂದ ಬರುತ್ತೆ?" ಬರುತ್ತೆ. ಬಿಲ್ ತಯಾರಾಗುವ ದಿನ ಬೇರೆ, ಕಟ್ಟಲು ಕೊನೆಯ ದಿನ ಬೇರೆ. ನಿಮ್ಮ ಬಿಲ್ 12ನೇ ತಾರೀಕು ತಯಾರಾಗುತ್ತೆ, ಕಟ್ಟಲು ಮುಂದಿನ ತಿಂಗಳು 2ರ ತನಕ ಟೈಮ್ ಇದೆ ಅಂದುಕೊಳ್ಳಿ. ನೀವು ಸಂಬಳ ಬಂದ ತಕ್ಷಣ 30ಕ್ಕೋ 31ಕ್ಕೋ ಕಟ್ಟುತ್ತೀರಿ. ಬಡ್ಡಿ ಬೀಳಲ್ಲ, ಸರಿ. ಆದರೆ 12ರ ಬಿಲ್ಲಿನಲ್ಲಿ 36 ಸಾವಿರ ಬಾಕಿ ಅಂತ ಬರೆದಾಗಿರುತ್ತೆ, ಸಾಮಾನ್ಯವಾಗಿ ಅದೇ ಅಂಕಿ ಈ ರಿಪೋರ್ಟ್ ತಯಾರಿಸುವ ಸಿಬಿಲ್‌ನಂಥ ಸಂಸ್ಥೆಗೆ ಹೋಗಿ ಕೂರುತ್ತೆ. 2025ರ ಜನವರಿಯಿಂದ ಬ್ಯಾಂಕುಗಳು ಕನಿಷ್ಠ ಹದಿನೈದು ದಿನಕ್ಕೊಮ್ಮೆಯಾದರೂ ಮಾಹಿತಿ ಕಳಿಸಬೇಕು ಅಂತ ಆರ್‌ಬಿಐ ಹೇಳಿದೆ. ಹಾಗಾಗಿ ಮೊದಲಿಗಿಂತ ಬೇಗ ಸರಿಹೋಗುತ್ತೆ. ಆದರೂ ಯಾವ ಕಂಪನಿ ಯಾವ ದಿನದ ಅಂಕಿ ಕಳಿಸುತ್ತೆ ಅನ್ನುವುದರಲ್ಲಿ ವ್ಯತ್ಯಾಸ ಇರುತ್ತೆ.

ಇದಕ್ಕೆ ನಾನು ಹೇಳುವ ಉಪಾಯ ಸರಳ. ಸಾಲದ ಅರ್ಜಿಗೆ ಮುಂಚಿನ ಎರಡು ಮೂರು ತಿಂಗಳು, ಬಿಲ್ ಬರುವುದಕ್ಕೆ ಎರಡು ದಿನ ಮೊದಲೇ ಆ್ಯಪ್ ತೆಗೆದು ಬಹುಪಾಲು ಕಟ್ಟಿಬಿಡಿ. ಮೇಷ್ಟ್ರು 10ನೇ ತಾರೀಕೇ 33 ಸಾವಿರ ಕಟ್ಟಿದ್ದರೆ ಬಿಲ್ಲಿನಲ್ಲಿ 3 ಸಾವಿರ ಮಾತ್ರ ಕಾಣುತ್ತಿತ್ತು. ಹೇಗಿದ್ದರೂ ಕಟ್ಟುವ ದುಡ್ಡು ತಾನೇ.

ಹಾಗಾದರೆ ಯಾವುದನ್ನು ಇಟ್ಟುಕೊಳ್ಳಬೇಕು? ಹಳೆಯದು ಮತ್ತು ದೊಡ್ಡದು. ಹಳೆಯ ಕಾರ್ಡು ಕ್ಲೋಸ್ ಮಾಡಿದ ತಕ್ಷಣ ಅದರ ಚರಿತ್ರೆ ಅಳಿಸಿಹೋಗುತ್ತೆ ಅನ್ನುವುದೂ ತಪ್ಪು. ಕ್ಲೋಸ್ ಆದ ಖಾತೆ ವರ್ಷಗಟ್ಟಲೆ ರಿಪೋರ್ಟಿನಲ್ಲಿ ಇರುತ್ತೆ. ಆದರೆ ನಡೆಯುತ್ತಿರುವ ಹಳೆಯ ಖಾತೆಗೆ ಇರುವ ತೂಕ ಮುಚ್ಚಿದ ಖಾತೆಗೆ ಇಲ್ಲ. ದೊಡ್ಡ ಮಿತಿಯ ಕಾರ್ಡಿನ ವಿಷಯ ಮೇಲೆಯೇ ಹೇಳಿದೆ. ಉಳಿದವು, ಅಂದರೆ ಬಂಕಿನಲ್ಲಿ, ಮಾಲ್‌ನಲ್ಲಿ, ಶಾಪಿಂಗ್ ಆ್ಯಪ್‌ನಲ್ಲಿ ಕೊಟ್ಟ ಸಣ್ಣಪುಟ್ಟವು, ಇದ್ದರೂ ಅಷ್ಟೇ, ಹೋದರೂ ಅಷ್ಟೇ. ವಾರ್ಷಿಕ ಶುಲ್ಕ ಕಟ್ಟಿಕೊಂಡು ಬಳಸದೆ ಇಟ್ಟಿರುವುದಿದ್ದರೆ ಅದನ್ನು ತೆಗೆಸಿ. ಆದರೆ ಅರ್ಜಿಯ ಹಿಂದಿನ ವಾರ ಬೇಡ, ಮೂರು ನಾಲ್ಕು ತಿಂಗಳು ಮೊದಲು. ಅದಕ್ಕಿಂತ ಮುಂಚೆ ಒಂದು ಫೋನ್ ಮಾಡಿ ಶುಲ್ಕ ತೆಗೆದುಹಾಕ್ತೀರಾ ಅಂತ ಕೇಳಿ. ಎಷ್ಟೋ ಸಲ ಕಂಪನಿಯವರು ಒಪ್ಪಿಕೊಳ್ಳುತ್ತಾರೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಕೆಲವು ಬ್ಯಾಂಕಿನ ಅಧಿಕಾರಿಗಳು ಇಷ್ಟೊಂದು ಕಾರ್ಡ್ ಯಾಕೆ, ಒಂದೆರಡು ಕ್ಲೋಸ್ ಮಾಡಿಸಿ ಬನ್ನಿ ಅಂತ ತಾವೇ ಹೇಳುವುದುಂಟು. ಅವರು ಹೇಳಿದರೆ ಆಗ ಮಾಡಿ. ಸಾಲ ಕೊಡುವವರು ಅವರು. ಯಾರೂ ಕೇಳದೆ ಮುಂಚೆಯೇ ಹೋಗಿ ಮಾಡಿಸುವುದಕ್ಕೆ ನನ್ನ ತಕರಾರು.

ಕತ್ತರಿಸಿದರೆ ಕಾರ್ಡು ಕ್ಲೋಸ್ ಆಗುತ್ತೆ ಅಂದುಕೊಂಡವರೂ ಇದ್ದಾರೆ. ಒಬ್ಬರು ಸಿಸ್ಟರ್, ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿ ಮಾಡಿಕೊಂಡು ಮಕ್ಕಳನ್ನು ಓದಿಸುತ್ತಿರುವ ಹೆಂಗಸು. ದೀಪಾವಳಿ ಸಮಯದಲ್ಲಿ, ಹಾಸನಾಂಬೆ ದರ್ಶನದ ಜನಜಂಗುಳಿ ಇರುವಾಗ, ಅಂಗಡಿಯಲ್ಲಿ ಕಾರ್ಡು ಮಾಡಿಸಿ ಮಿಕ್ಸಿ ತೆಗೆದುಕೊಂಡಿದ್ದರು. ಮಿಕ್ಸಿಯ ಕಂತು ಮುಗಿಯಿತು. ಕಾರ್ಡು ಕತ್ತರಿಸಿ ಕಸದ ಬುಟ್ಟಿಗೆ ಹಾಕಿದರು. ಮುಂದಿನ ವರ್ಷ ಶುಲ್ಕ 500, ಅದರ ಮೇಲೆ ಜಿಎಸ್‌ಟಿ 90, ಒಟ್ಟು 590 ರೂಪಾಯಿ ಬಿತ್ತು. ಹಳೆ ನಂಬರಿಗೆ ಮೆಸೇಜು ಹೋಗುತ್ತಿತ್ತು, ಇವರಿಗೆ ಗೊತ್ತೇ ಇಲ್ಲ. ತಡದ ಶುಲ್ಕ, ಬಡ್ಡಿ ಸೇರಿ ಸೇರಿ ಅದು 4 ಸಾವಿರ ದಾಟಿತು. ಆಮೇಲೆ ಯಾರೋ ಫೋನ್ ಮಾಡಿ, "ಮೇಡಂ, 1,500 ಕಟ್ಟಿ ಸೆಟ್ಲ್ ಮಾಡ್ಕೊಳ್ಳಿ" ಅಂದ. ಇವರು ಪುಣ್ಯಾತ್ಮ ಅಂತ ಕೈಮುಗಿದು ಕಟ್ಟಿದರು.

ರಿಪೋರ್ಟ್ ತೆಗೆಸಿದಾಗ ಅದರಲ್ಲಿ ತಿಂಗಳು ತಿಂಗಳಿಗೆ ಒಂದೊಂದು ಚೌಕ ಇರುತ್ತೆ. ಸರಿಯಾಗಿ ಕಟ್ಟಿದ ತಿಂಗಳಿಗೆ 000. ಇವರದ್ದರಲ್ಲಿ 000 ಸಾಲಾಗಿ ಬಂದು, ಆಮೇಲೆ 30, 61, 91 ಅಂತ ಏರುತ್ತಾ ಹೋಗಿತ್ತು. ಅವು ತಡವಾದ ದಿನಗಳು. ಕೆಳಗೆ ಸೆಟ್ಲ್ಡ್ ಅಂತ ಒಂದು ಪದ. ಆ ಪದಕ್ಕೆ ಬ್ಯಾಂಕಿನವರು ಓದಿಕೊಳ್ಳುವ ಅರ್ಥ ಒಂದೇ: ಪೂರ್ತಿ ಕೊಡಲಿಲ್ಲ, ಕೊಟ್ಟಷ್ಟು ಇಸ್ಕೊಂಡು ಬಿಟ್ಟರು. 22 ಲಕ್ಷದ ಮನೆ ಸಾಲ ಇದೊಂದಕ್ಕೆ ನಿಂತಿತು. ಉಳಿದ ಬಾಕಿಯನ್ನೂ ಕಟ್ಟಿ, ಬಾಕಿ ಇಲ್ಲ ಅಂತ ಪತ್ರ ತೆಗೆದುಕೊಂಡು, ಸೆಟ್ಲ್ಡ್ ಅನ್ನುವುದು ಕ್ಲೋಸ್ಡ್ ಅಂತ ಆಗುವ ಹೊತ್ತಿಗೆ ಸೈಟಿನವರು ಅಡ್ವಾನ್ಸ್ ವಾಪಸ್ ಕೊಡ್ತೀವಿ ಅನ್ನುವ ತನಕ ಬಂದಿತ್ತು. ಸಿಸ್ಟರ್ ನನ್ನ ಮುಂದೆ ಅತ್ತಿದ್ದು ಅವತ್ತು ಮಾತ್ರ. ಸಾಲ ಆಯಿತು. ಹಳೆಯ ಆ 91 ಮಾತ್ರ ರಿಪೋರ್ಟಿನಲ್ಲಿ ಇನ್ನೂ ಇದೆ.

ಅರ್ಧಕ್ಕೆ ಮುಗಿಸಿಕೊಳ್ಳಿ ಅಂತ ಫೋನ್ ಬಂದರೆ ಖುಷಿಪಡಬೇಡಿ. ಮನೆ ಸಾಲದ ಆಸೆ ಇದ್ದವರು ಕಷ್ಟವಾದರೂ ಪೂರ್ತಿ ಕಟ್ಟುವುದು ಲೇಸು.

ಕಾರ್ಡಿನಲ್ಲಿ ಮಾಡಿಸಿದ ಇಎಂಐ ಬಗ್ಗೆಯೂ ಹೇಳಬೇಕು. ಅದು ಕಾರ್ಡಿನ ಖರ್ಚು, ಸಾಲ ಅಲ್ಲ ಅಂತ ಜನ ಅಂದುಕೊಂಡಿದ್ದಾರೆ. ಬ್ಯಾಂಕು ನಿಮ್ಮ ಸಂಬಳದಲ್ಲಿ ಇಷ್ಟು ಪಾಲು ಕಂತಿಗೆ ಹೋಗಬಹುದು ಅಂತ ಒಂದು ಗೆರೆ ಹಾಕಿಕೊಂಡಿರುತ್ತೆ. ಒಂದೊಂದು ಬ್ಯಾಂಕಿನದು ಒಂದೊಂದು ಥರ. ಲೆಕ್ಕಕ್ಕೆ ಅರ್ಧ ಅಂತ ಹಿಡಿಯಿರಿ. ಸಂಬಳ 60 ಸಾವಿರ ಇದ್ದರೆ 30 ಸಾವಿರ. ಅದರಲ್ಲಿ ಫೋನಿನ ಇಎಂಐ 4 ಸಾವಿರ ಹೋಯಿತು ಅಂದರೆ ಉಳಿದದ್ದು 26 ಸಾವಿರ. ಶೇಕಡಾ 8.5 ಬಡ್ಡಿಗೆ 20 ವರ್ಷದ ಸಾಲಕ್ಕೆ ಲಕ್ಷಕ್ಕೆ 868 ರೂಪಾಯಿ ಕಂತು. ಅಂದರೆ ಆ 4 ಸಾವಿರದಿಂದ ನಿಮಗೆ ಸಿಗಬೇಕಾದ ಸಾಲದಲ್ಲಿ ಸುಮಾರು 4 ಲಕ್ಷ 60 ಸಾವಿರ ಕಮ್ಮಿ. ಮೊದಲನೇ ಮಹಡಿ ಹಾಕಿಸೋಣ ಅಂದುಕೊಂಡವರು ಫೋನಿಗೋಸ್ಕರ ಕೆಳಗೇ ಉಳಿಯಬೇಕಾಗುತ್ತೆ. ಕೈಯಲ್ಲಿ ದುಡ್ಡಿದ್ದರೆ ಮೊದಲು ಆ ಇಎಂಐ ಮುಗಿಸಿ.

ಬೆಂಗಳೂರಿನಲ್ಲಿ ಓದುವ ಮಗನ ಕೈಯಲ್ಲಿರುವ ಆಡ್-ಆನ್ ಕಾರ್ಡಿನ ಬಿಲ್ಲೂ ನಿಮ್ಮ ತಲೆ ಮೇಲೇ. ರಾತ್ರಿ ಹನ್ನೊಂದಕ್ಕೆ ಬಿರಿಯಾನಿ ತರಿಸಿದ್ದೂ ನಿಮ್ಮ ಮಿತಿಯಿಂದಲೇ ಹೋಗುತ್ತೆ. ಹೆಂಡತಿಯನ್ನು ಸಹ ಅರ್ಜಿದಾರರನ್ನಾಗಿ ಸೇರಿಸುವುದಾದರೆ ಅವರ ರಿಪೋರ್ಟನ್ನೂ ಮೊದಲೇ ನೋಡಿಕೊಳ್ಳಿ. ಬ್ಯಾಂಕು ಇಬ್ಬರದ್ದೂ ತೆಗೆಯುತ್ತೆ.

ಸಕಲೇಶಪುರ, ಆಲೂರು ಕಡೆಯ ಬೆಳೆಗಾರರು ಬಂದರೆ ಬೇರೆ ತಮಾಷೆ. "ನಮ್ಮತ್ರ ಕಾರ್ಡೇ ಇಲ್ಲ, ಆ ತಾಪತ್ರಯನೇ ಬೇಡ ಅಂತ" ಅನ್ನುತ್ತಾರೆ. ರಿಪೋರ್ಟ್ ತೆಗೆದರೆ ಕಿಸಾನ್ ಕ್ರೆಡಿಟ್ ಕಾರ್ಡಿನ ಸಾಲ ವಾಯಿದೆ ಮೀರಿ ಕೂತಿರುತ್ತೆ. ಅದು ಬೆಳೆ ಸಾಲ ಅಲ್ವಾ, ಅದಕ್ಕೂ ಸಿಬಿಲ್‌ಗೂ ಏನು ಅಂತಾರೆ. ಹೆಸರು ಕಾರ್ಡು ಅಂತಿದ್ದರೂ ಅದು ಬ್ಯಾಂಕಿನ ಸಾಲವೇ, ರಿಪೋರ್ಟಿಗೆ ಹೋಗುತ್ತೆ. ಕಾಫಿ ಕೊಯ್ದು, ಒಣಗಿಸಿ, ಮಾರಿ ದುಡ್ಡು ಬಂದ ಮೇಲೆ ಕಟ್ಟಿದರಾಯಿತು ಅನ್ನುವ ಲೆಕ್ಕ ತೋಟದಲ್ಲಿ ಸರಿ. ವಾಯಿದೆಯ ತಾರೀಕು ಅದಕ್ಕಿಂತ ಮುಂಚೆ ಇದ್ದರೆ ಬ್ಯಾಂಕಿನಲ್ಲಿ ಸರಿಹೋಗಲ್ಲ. ಮೊದಲು ಅದನ್ನು ನವೀಕರಣ ಮಾಡಿಸಿ, ಆಮೇಲೆ ಮನೆ ಸಾಲದ ಮಾತು.

ನಿಜವಾಗಿ ಕಾರ್ಡೇ ಇಲ್ಲದವರು, ಸಾಲವೇ ಮಾಡದವರು ಈಗ ಓಡಿಹೋಗಿ ಒಂದು ಕಾರ್ಡ್ ಮಾಡಿಸಬೇಡಿ. ಹಳೆಯ ಚರಿತ್ರೆ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಮೊದಲ ಸಲ ಸಾಲ ಕೇಳುವವರ ಅರ್ಜಿ ತಳ್ಳಿಹಾಕಬಾರದು ಅಂತ ಆರ್‌ಬಿಐ ಹೇಳಿದೆ.

ರಿಪೋರ್ಟ್ ನೋಡಿಕೊಂಡರೆ ಸ್ಕೋರ್ ಇಳಿಯುತ್ತೆ ಅನ್ನುವ ಹೆದರಿಕೆಯೂ ಬೇಡ. ನಿಮ್ಮದನ್ನು ನೀವೇ ನೋಡಿಕೊಂಡರೆ ಏನೂ ಆಗಲ್ಲ. ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಅಂತ ನಾಲ್ಕು ಸಂಸ್ಥೆಗಳಿವೆ. ಒಂದೊಂದೂ ವರ್ಷಕ್ಕೆ ಒಂದು ಪೂರ್ತಿ ರಿಪೋರ್ಟ್ ಪುಕ್ಕಟೆ ಕೊಡಬೇಕು. ಸ್ಕೋರಿನ ಮೇಲೆ ಬಡ್ಡಿ ನಿಗದಿ ಮಾಡುವ ಬ್ಯಾಂಕುಗಳೂ ಇವೆ. 30 ಲಕ್ಷದ ಸಾಲಕ್ಕೆ 8.5ರ ಬದಲು 8.75 ಆದರೆ ಕಂತು ತಿಂಗಳಿಗೆ ಸುಮಾರು 475 ರೂಪಾಯಿ ಜಾಸ್ತಿ. 20 ವರ್ಷಕ್ಕೆ 1 ಲಕ್ಷ 14 ಸಾವಿರ. ಪುಕ್ಕಟೆ ರಿಪೋರ್ಟ್ ತೆಗೆಯುವ ಕಷ್ಟಕ್ಕೆ ಇದು ಸಾಲದಾ?

ಸಾಲ ಮಂಜೂರಾದ ಕೂಡಲೇ ಮೈಮರೆಯುವವರು ಬಹಳ. ಮನೆ ಕಟ್ಟುವ ಸಾಲ ಒಂದೇ ಸಲ ಕೈಗೆ ಬರಲ್ಲ. ಪಾಯ, ಲಿಂಟಲ್, ಮೋಲ್ಡ್ ಅಂತ ಹಂತ ಹಂತವಾಗಿ ಬಿಡುತ್ತಾರೆ. ನಡುವೆ ಬ್ಯಾಂಕು ಇನ್ನೊಂದು ಸಲ ರಿಪೋರ್ಟ್ ತೆಗೆದು ನೋಡಬಹುದು. ಮೋಲ್ಡ್ ಹಾಕುವ ಮುಂಚೆಯೇ ಗೃಹಪ್ರವೇಶಕ್ಕೆ ಅಂತ ಸೋಫಾ, ಟಿವಿ, ಫ್ರಿಜ್ಜು ಎಲ್ಲಾ ಹೊಸ ಕಾರ್ಡಿನಲ್ಲಿ ಬುಕ್ ಮಾಡಿ ಬಂದವರನ್ನು ಕಂಡಿದ್ದೇನೆ. ಸಾಲದ ಕೊನೆಯ ಹಂತದ ದುಡ್ಡು ಬರುವ ತನಕ ತಡೆಯಿರಿ.

ಅದಾದ ಮೇಲೆ ಬೇಡದ ಕಾರ್ಡನ್ನು ಧಾರಾಳವಾಗಿ ತೆಗೆಸಿ. ಬಾಕಿ ಸೊನ್ನೆ ಮಾಡಿ, ಈಮೇಲ್‌ನಲ್ಲೋ ಆ್ಯಪ್‌ನಲ್ಲೋ ಲಿಖಿತವಾಗಿ ಕೇಳಿ, ಅದರ ನಕಲು ಇಟ್ಟುಕೊಳ್ಳಿ. ಆರ್‌ಬಿಐ 2022ರಲ್ಲಿ ತಂದ ನಿಯಮದ ಪ್ರಕಾರ ಏಳು ಕೆಲಸದ ದಿನಗಳೊಳಗೆ ಕ್ಲೋಸ್ ಮಾಡಬೇಕು. ತಡ ಮಾಡಿದರೆ ದಿನಕ್ಕೆ 500 ರೂಪಾಯಿ ಅವರೇ ನಿಮಗೆ ಕೊಡಬೇಕು. ರಿವಾರ್ಡ್ ಪಾಯಿಂಟ್ ಉಳಿದಿದ್ದರೆ ಕ್ಲೋಸ್ ಮಾಡಲು ಕೇಳುವ ಮುಂಚೆಯೇ ಬಳಸಿಕೊಂಡುಬಿಡಿ. ಆಮೇಲೆ ಹೋಗಿ ಕೇಳಿದರೆ ಸಿಗುವುದು ಕಷ್ಟ.