ಬರೆದುಕೊಡುವುದೋ, ಬರೆಸುವುದೋ?

ಆತ್ಮಕಥೆಯನ್ನು ಪುಸ್ತಕವಾಗಿ ತರಬೇಕೆಂದು ನನ್ನ ಬಳಿಗೆ ಬರುವವರಲ್ಲಿ ಹೆಚ್ಚಿನವರು ಮೊದಲಿಗೆ ಕೇಳುವುದು, "ನೀವೇ ಬರೆದುಕೊಡುತ್ತೀರೋ, ಇಲ್ಲ ನಾನು ಬರೆದದ್ದನ್ನು ತಿದ್ದಿಕೊಡುತ್ತೀರೋ?" ಎಂದು. ಬರೆದುಕೊಡುವುದನ್ನೂ ತಿದ್ದುವುದನ್ನೂ ಬಹಳ ಕಾಲದಿಂದ ಮಾಡುತ್ತ ಬಂದಿರುವ ನಾನು, ಇವೆರಡರ ನಡುವೆ ಮೂರನೆಯದೊಂದು ಕೆಲಸವಿದೆ ಎಂದು ಅವರಿಗೆ ವಿವರಿಸಬೇಕಾಗುತ್ತದೆ. ತಿದ್ದುವವರು ಸಿದ್ಧವಾದ ಹಸ್ತಪ್ರತಿಯ ಕಾಗುಣಿತವನ್ನೂ ವಾಕ್ಯಗಳನ್ನೂ ಸರಿಪಡಿಸುತ್ತಾರೆ. ಬರೆದುಕೊಡುವವರು, ಅಂದರೆ ಈಗ ಘೋಸ್ಟ್ ರೈಟರ್ ಎಂದು ಕರೆಸಿಕೊಳ್ಳುವವರು, ನಿಮ್ಮ ಮಾತು ಕೇಳಿ ಪುಸ್ತಕವನ್ನು ತಾವೇ ಕಟ್ಟುತ್ತಾರೆ. ಬರವಣಿಗೆಯ ಮಾರ್ಗದರ್ಶಕರು ಒಂದು ಸಾಲನ್ನೂ ಬರೆಯದೆ, ನಿಮ್ಮ ಕೈಯಿಂದಲೇ ಬರೆಸುತ್ತಾರೆ.

ಬರೆದುಕೊಡುವ ಕೆಲಸದಲ್ಲಿ ನಾನು ಸಾಮಾನ್ಯವಾಗಿ ಇಪ್ಪತ್ತರಿಂದ ಇಪ್ಪತ್ತೈದು ಗಂಟೆಗಳ ಮಾತನ್ನು ಧ್ವನಿಮುದ್ರಿಸಿಕೊಳ್ಳುತ್ತೇನೆ. ಒಂದು ಗಂಟೆಯ ಮಾತನ್ನು ಅಕ್ಷರಕ್ಕಿಳಿಸಲು ನಾಲ್ಕೈದು ಗಂಟೆ ಹಿಡಿಯುತ್ತದೆ. ಅದನ್ನು ಡೆಮಿ 1/8 ಆಕಾರದ ನೂರರವತ್ತು ಪುಟಗಳಿಗೆ, ಎಂದರೆ ಸುಮಾರು ಮೂವತ್ತೈದು ಸಾವಿರ ಪದಗಳಿಗೆ ತರುವಷ್ಟರಲ್ಲಿ ಏಳೆಂಟು ತಿಂಗಳು ಕಳೆದಿರುತ್ತವೆ. ಬರೆಸುವ ಕೆಲಸ ಇದಕ್ಕಿಂತ ನಿಧಾನವಾಗಿ ಸಾಗುತ್ತದೆ. ಹದಿನೈದು ದಿನಕ್ಕೊಮ್ಮೆ ನೀವು ಐದಾರು ಪುಟ ತರುತ್ತೀರಿ, ನಾನು ಓದಿ ಪ್ರಶ್ನೆ ಕೇಳುತ್ತೇನೆ, ನೀವು ಮನೆಗೆ ಹೋಗಿ ಮತ್ತೆ ಬರೆಯುತ್ತೀರಿ. ಒಂದೂವರೆ ವರ್ಷ ಹಿಡಿದರೆ ಆಶ್ಚರ್ಯವಿಲ್ಲ. ಮೊದಲನೆಯದಕ್ಕೆ ಪುಸ್ತಕದ ಲೆಕ್ಕದಲ್ಲಿ, ಎರಡನೆಯದಕ್ಕೆ ಭೇಟಿಯ ಲೆಕ್ಕದಲ್ಲಿ ಸಂಭಾವನೆ ನಿಗದಿಯಾಗುತ್ತದೆ.

ಸಮಯ, ಹಣ ಇವೆರಡನ್ನೇ ತೂಗಿ ನೋಡಿ ನಿರ್ಧರಿಸುವವರು ಹೆಚ್ಚು. ನನ್ನ ಅನುಭವದಲ್ಲಿ ಅವು ಎರಡನೆಯ ಸಾಲಿನ ಸಂಗತಿಗಳು. ಎಪ್ಪತ್ತು ವರ್ಷದ ಬದುಕು ನೂರರವತ್ತು ಪುಟಕ್ಕೆ ಇಳಿಯಬೇಕಾದರೆ ತೊಂಬತ್ತೈದು ಪಾಲನ್ನು ಕೈಬಿಡಲೇಬೇಕು. ಯಾವುದನ್ನು ಬಿಡಬೇಕೆಂದು ತೀರ್ಮಾನಿಸುವವರು ಯಾರು ಎಂಬುದೇ ಇಲ್ಲಿರುವ ನಿಜವಾದ ಪ್ರಶ್ನೆ. ಬರೆದುಕೊಡುವವರಿದ್ದರೆ ಆ ತೀರ್ಮಾನ ಬಹುಮಟ್ಟಿಗೆ ಅವರದಾಗುತ್ತದೆ. ಕರಡನ್ನು ಓದಿದಾಗ ನಿಮಗೆ ಕಾಣುವುದು ಉಳಿದದ್ದು ಮಾತ್ರ, ಬಿಟ್ಟುಹೋದದ್ದು ನೆನಪಿಗೂ ಬಾರದೆ ಹೋಗಬಹುದು.

ಕೆಲವು ವರ್ಷಗಳ ಹಿಂದೆ ಕಂದಾಯ ಇಲಾಖೆಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದ, ಸಾಗರದ ಕಡೆಯ ಹಿರಿಯರೊಬ್ಬರು ಬಂದಿದ್ದರು. ಅವರು ಬಾಲಕರಾಗಿದ್ದಾಗ, 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಅವರ ಊರು ಮುಳುಗಿತ್ತು. ತಾವೇ ಬರೆದ ಹನ್ನೆರಡು ಪುಟಗಳನ್ನು ಮೇಜಿನ ಮೇಲಿಟ್ಟು, "ಇದು ನನ್ನಿಂದಾಗುವ ಕೆಲಸವಲ್ಲ, ನೀವೇ ಬರೆದುಕೊಡಿ" ಎಂದರು. "ಸದರಿ ಯೋಜನೆಯ ಹಿನ್ನೆಲೆಯಲ್ಲಿ ನಮ್ಮ ಕುಟುಂಬವು ಸ್ಥಳಾಂತರಗೊಳ್ಳಬೇಕಾಗಿ ಬಂದಿರುತ್ತದೆ" ಎಂಬಂಥ ವಾಕ್ಯಗಳು ಅದರ ತುಂಬ ಇದ್ದವು. ಮೂವತ್ತೈದು ವರ್ಷ ಟಿಪ್ಪಣಿ ಬರೆದ ಕೈಗೆ ಬೇರೆ ಕನ್ನಡ ಹತ್ತುವುದು ಕಷ್ಟ. ಕಾಗದವನ್ನು ಪಕ್ಕಕ್ಕಿಟ್ಟು, ಊರು ಬಿಟ್ಟ ದಿನದ ಬಗ್ಗೆ ಸುಮ್ಮನೆ ಹೇಳಿ ಎಂದೆ. "ಅಪ್ಪಯ್ಯ ಹೆಂಚು ಇಳಿಸಿ ಪಕಾಸಿಗಳನ್ನೆಲ್ಲ ಬಿಚ್ಚಿದ್ರು. ಹೊಸ ಜಾಗದಲ್ಲಿ ಅದೇ ಕ್ರಮದಲ್ಲಿ ಕೂರಿಸ್ಬೇಕಲ್ಲ, ಇದ್ದಿಲು ಹಿಡಿದು ಒಂದೊಂದ್ರ ಮೇಲೂ ನಂಬರ್ ಬರೆದವನು ನಾನೇ. ನಲವತ್ತೆರಡರ ತನಕ ಬರೆದೆ" ಎಂದರು. ಪಕಾಸಿಯೆಂದರೆ ಹೆಂಚಿನ ಭಾರ ಹೊರುವ ಮಾಡಿನ ಮರದ ತೊಲೆ.

ಹೀಗೆ ಮಾತನಾಡುವವರಿಗೆ ಬರೆದುಕೊಡುವವರ ಅಗತ್ಯವಿಲ್ಲ. ಅವರ ತೊಡಕು ಕಚೇರಿಯ ಕನ್ನಡವೊಂದೇ. ಮೊಬೈಲಿನ ಧ್ವನಿ ಟೈಪಿಂಗ್ ಬಳಸಿ, ಮೊಮ್ಮಗನಿಗೆ ಹೇಳುವಂತೆ ಹೇಳಿ, ಅನಂತರ ಆ ಬರಹವನ್ನು ತಾವೇ ತಿದ್ದಬೇಕೆಂದು ಗೊತ್ತುಮಾಡಿದೆವು. ಯಂತ್ರ 'ಪಕಾಸಿ'ಯನ್ನು ಏನೇನೋ ಮಾಡಿ ಬರೆದದ್ದು ಬೇರೆಯ ಮಾತು. ಎರಡು ತಿಂಗಳ ಹೊತ್ತಿಗೆ 'ಸದರಿ' ಕಾಣೆಯಾಗಿತ್ತು.

ಹಾಗೆಂದು ಎಲ್ಲರಿಗೂ ಬರೆಸುವುದೇ ಸರಿ ಎನ್ನಲಾರೆ. ಹುಬ್ಬಳ್ಳಿಯಲ್ಲಿ ನಾಲ್ಕು ದಶಕ ಖಾನಾವಳಿ ನಡೆಸಿದ, ಮೂರನೆಯ ಇಯತ್ತೆಗೆ ಶಾಲೆ ಬಿಟ್ಟ ತಾಯಿಯೊಬ್ಬರ ಕಥೆಯನ್ನು ನಾನೇ ಬರೆದುಕೊಟ್ಟೆ. ಎಪ್ಪತ್ತೆಂಟರ ವಯಸ್ಸಿನಲ್ಲಿ, ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾದ ಮೇಲೆ, ಅವರನ್ನು ಬರೆಯಲು ಕೂರಿಸುವುದು ನ್ಯಾಯವಾಗಿರಲಿಲ್ಲ. ಆದರೆ ಅಲ್ಲಿ ನಾನೊಂದು ತಪ್ಪು ಮಾಡಿದೆ. ಅವರ ಧಾರವಾಡ ಸೀಮೆಯ ಮಾತನ್ನು ಶಿಷ್ಟ ಕನ್ನಡಕ್ಕೆ ತಿರುಗಿಸಿ, ಅದು ಓದುಗರಿಗೆ ಅನುಕೂಲವೆಂದು ಭಾವಿಸಿ, ಮೊದಲ ಎರಡು ಅಧ್ಯಾಯಗಳನ್ನು ಅವರ ಮುಂದೆ ಓದಿದೆ. ಕೈಯಲ್ಲಿದ್ದ ಹಿಟ್ಟನ್ನು ಪರಾತದಲ್ಲಿ ಬಿಟ್ಟು ಕೇಳಿಸಿಕೊಂಡ ಅವರು, "ಇದು ನನ್ನ ಮಾತಲ್ರೀ ಸರ್ರ, ಯಾರೋ ಸಾಲಿ ಮಾಸ್ತರ್ರು ಹೇಳಿದಂಗ ಐತಿ" ಎಂದರು. ಎರಡೂ ಅಧ್ಯಾಯಗಳನ್ನು ಮೊದಲಿನಿಂದ ಬರೆಯಬೇಕಾಯಿತು. ಅಂದಿನಿಂದ, ಪ್ರತಿ ಅಧ್ಯಾಯವನ್ನೂ ಹೇಳಿದವರ ಎದುರು ಗಟ್ಟಿಯಾಗಿ ಓದಿ ಒಪ್ಪಿಗೆ ಪಡೆಯಬೇಕೆಂಬ ಷರತ್ತನ್ನು ಕರಾರಿನಲ್ಲಿ ಸೇರಿಸುತ್ತೇನೆ. ನೀವು ಬೇರೆ ಯಾರಿಂದ ಬರೆಸಿಕೊಂಡರೂ ಇದನ್ನು ಕೇಳಿ ಹಾಕಿಸಿಕೊಳ್ಳಿ. ಆ ಪುಸ್ತಕದ ಒಳಪುಟದಲ್ಲಿ ನನ್ನ ಹೆಸರು 'ನಿರೂಪಣೆ' ಎಂಬ ಪದದೊಂದಿಗೆ ಬಂತು. ಕನ್ನಡದಲ್ಲಿ ಇದು ಹಳೆಯ, ಗೌರವದ ರೂಢಿ. ಬರೆದವರನ್ನು ಪೂರ್ತಿ ಮರೆಮಾಡುವುದಕ್ಕಿಂತ ಇದು ಮೇಲೆಂಬುದು ನನ್ನ ಅಭಿಪ್ರಾಯ.

ಕರಾರಿನ ಮಾತು ಬಂದದ್ದರಿಂದ ಕಾನೂನನ್ನೂ ತಿಳಿದಿರುವುದು ಒಳ್ಳೆಯದು, ಏಕೆಂದರೆ ಹಣ ಕೊಟ್ಟ ಮೇಲೆ ಪುಸ್ತಕ ತಾನಾಗಿ ತಮ್ಮದೇ ಎಂದು ಬಹಳ ಜನ ನಂಬಿರುತ್ತಾರೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಸಾಹಿತ್ಯ ಕೃತಿಯ ಮೊದಲ ಒಡೆತನ ಅದರ ಕರ್ತೃವಿನದು. ವಾಕ್ಯಗಳನ್ನು ಕಟ್ಟಿದವರು ನಿಮ್ಮ ಸಂಬಳದ ನೌಕರರಲ್ಲದೆ ಹೊರಗಿನವರಾಗಿದ್ದರೆ, ಅವರು ಹಕ್ಕನ್ನು ನಿಮಗೆ ವಹಿಸಿಕೊಟ್ಟ ಬರಹ, ಅದರಡಿ ಅವರ ಸಹಿ, ಎರಡೂ ಇರಬೇಕೆಂದು 19ನೇ ಸೆಕ್ಷನ್ ಹೇಳುತ್ತದೆ. ಆ ಪತ್ರದಲ್ಲಿ ಅವಧಿಯನ್ನು ನಮೂದಿಸದಿದ್ದರೆ ಐದು ವರ್ಷವೆಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಮಾತ್ರವೆಂದೂ ಪರಿಗಣಿಸಲಾಗುತ್ತದೆ; ಅಮೆರಿಕದಲ್ಲಿರುವ ಮಗ ಅಪ್ಪನ ಪುಸ್ತಕದ ಇ-ಪ್ರತಿಯನ್ನು ಅಲ್ಲಿ ಮಾರಬೇಕೆಂದುಕೊಂಡಿದ್ದರೆ ಈ ಒಂದು ಸಾಲು ಬಿಟ್ಟುಹೋಗಬಾರದು. ಇನ್ನು 57ನೇ ಸೆಕ್ಷನ್ನಿನಡಿ, ಹಕ್ಕನ್ನು ಬಿಟ್ಟುಕೊಟ್ಟ ಮೇಲೂ ಕೃತಿಯ ಕರ್ತೃತ್ವ ತನ್ನದೆಂದು ಹೇಳುವ ಅಧಿಕಾರ ಬರೆದವರಿಗೆ ಉಳಿದಿರುತ್ತದೆ. ಆದ್ದರಿಂದ ಹೆಸರು ಎಲ್ಲಿ, ಹೇಗೆ ಬರಬೇಕೆಂಬುದನ್ನು ಮುಂಗಡ ಕೊಡುವ ಮೊದಲೇ ಮಾತಾಡಿಕೊಳ್ಳಬೇಕು. ಮಾರ್ಗದರ್ಶಕರಿದ್ದಾಗ ಈ ತಲೆನೋವಿಲ್ಲ. ಬರೆದವರು ನೀವೇ ಆದ್ದರಿಂದ ಹಕ್ಕೂ ನಿಮ್ಮದೇ.

ಪಿಎಚ್.ಡಿ. ಪ್ರಬಂಧ ಬರೆದುಕೊಡುತ್ತೀರಾ ಎಂದು ಆಗಾಗ ಫೋನು ಬರುವುದುಂಟು. ಅದರಲ್ಲಿ ಆಯ್ಕೆಯ ಪ್ರಶ್ನೆಯೇ ಇಲ್ಲ, ಅದು ಮೋಸ. ಬರೆಯುವುದನ್ನು ಕಲಿಸಿ ಎಂದರೆ ಮಾತ್ರ ಕಲಿಸಬಹುದು.

ಇನ್ನೂ ತೀರ್ಮಾನಿಸಲಾಗದವರಿಗೆ ನಾನು ಹೇಳುವುದು ಇಷ್ಟು: ಒಂದೇ ಘಟನೆಯನ್ನು ಎರಡು ಪುಟ ಬರೆಯಿರಿ, ಅದನ್ನೇ ಇಪ್ಪತ್ತು ನಿಮಿಷ ಹೇಳಿ ಧ್ವನಿಮುದ್ರಿಸಿ, ವಾರ ಬಿಟ್ಟು ಎರಡನ್ನೂ ಮನೆಯವರ ಮುಂದಿಡಿ. ಮಾತು ಜೀವಂತವಾಗಿದ್ದು ಬರಹ ಒಣಗಿದ್ದರೆ, ಸಮಯವೂ ಇದ್ದರೆ, ಮಾರ್ಗದರ್ಶಕರನ್ನು ಹುಡುಕಿ. ಕಾಗದದ ಮುಂದೆ ಕೂರುವುದೇ ಶಿಕ್ಷೆಯೆನಿಸಿದರೆ ಸಂಕೋಚವಿಲ್ಲದೆ ಬರೆದುಕೊಡುವವರ ಬಳಿಗೆ ಹೋಗಿ.

ಶಿರಸ್ತೇದಾರರ ಹಸ್ತಪ್ರತಿಯಲ್ಲಿ ಹೊಸ ಮನೆ ಕಟ್ಟಿದ ಅಧ್ಯಾಯ ಬಂದಾಗ ಅದು ಒಂದೂವರೆ ಪುಟಕ್ಕೆ ಮುಗಿದಿತ್ತು. ನಲವತ್ತೆರಡೂ ಪಕಾಸಿಗಳು ಸರಿಯಾಗಿ ಕೂತವೇ ಎಂದು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದು ಕಳುಹಿಸಿದೆ. ಎರಡು ತಿಂಗಳು ಅವರ ಸುಳಿವಿರಲಿಲ್ಲ. ಆಮೇಲೆ ತಂದ ಒಂಬತ್ತು ಪುಟಗಳಲ್ಲಿ ಪರಿಹಾರದ ಹಣಕ್ಕಾಗಿ ಅಣ್ಣತಮ್ಮಂದಿರ ನಡುವೆ ನಡೆದ ಜಗಳದ ಒಂದು ಮಾತೂ ಇರಲಿಲ್ಲ. ಒಂದರಿಂದ ಇಪ್ಪತ್ತೊಂದರವರೆಗಿನ ಪಕಾಸಿಗಳು ತಮ್ಮ ಮನೆಗೆ ಬಂದವೆಂದೂ, ಉಳಿದವು ದೊಡ್ಡಪ್ಪನ ಗಾಡಿಯಲ್ಲಿ ಬೇರೆ ಊರಿಗೆ ಹೋದವೆಂದೂ, ಆ ಮನೆಯ ಮಾಡಿನಲ್ಲಿ ತಮ್ಮ ಕೈಬರಹದ ಅಂಕಿಗಳು ಈಗಲೂ ಇವೆಯೋ ಎಂದು ನೋಡಲು ಅಲ್ಲಿಗೆ ತಾವು ಒಮ್ಮೆಯೂ ಹೋಗಿಲ್ಲವೆಂದೂ ಬರೆದಿದ್ದರು.