ಕಾಟಕಾಯಿ ಎಂದು ಹೆಸರಿಟ್ಟವರು ಯಾರು?

ಪದವಿ ತರಗತಿಯವರನ್ನು ಮಡಿಕೇರಿ ಕೋಟೆಗೆ ಕರೆದೊಯ್ದು, ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ಎದ್ದ ರೈತರ ಮುಂದಾಳು ಗುಡ್ಡೆಮನೆ ಅಪ್ಪಯ್ಯಗೌಡರನ್ನು 1837ರ ಅಕ್ಟೋಬರ್ 31ರಂದು ಗಲ್ಲಿಗೇರಿಸಿದ್ದು ಇಲ್ಲಿಯೇ ಎಂದು ಹೇಳಿದಾಗಲೆಲ್ಲ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: "ಸರ್, ಅದು ಯುದ್ಧವೋ, ದಂಗೆಯೋ? ನಮ್ಮಜ್ಜಿ ಕಲ್ಯಾಣಪ್ಪನ ಕಾಟಕಾಯಿ ಅನ್ನುತ್ತಿದ್ದರು." ಕಾಟಕಾಯಿ ಎಂದರೆ ಲೂಟಿ, ದಾಂಧಲೆ. ಇತಿಹಾಸ ಪಾಠ ಮಾಡುವವನಾಗಿ ನಾನು ಈ ಪ್ರಶ್ನೆಗೆ ಒಂದು ಮಾತಿನಲ್ಲಿ ಉತ್ತರಿಸುವುದನ್ನು ಬಹಳ ಹಿಂದೆಯೇ ಬಿಟ್ಟಿದ್ದೇನೆ. ಪ್ರಭುತ್ವದ ವಿರುದ್ಧ ಎದ್ದವರಿಗೆ ಪ್ರಭುತ್ವ ಇಡುವ ಹೆಸರು ಬರಿಯ ಬೈಗುಳವಲ್ಲ. ಸೆರೆಸಿಕ್ಕವನನ್ನು ಏನು ಮಾಡಬಹುದು, ಅವನ ಊರನ್ನು ಏನು ಮಾಡಬಹುದು ಎಂಬುದು ಆ ಹೆಸರಿನಿಂದಲೇ ತೀರ್ಮಾನವಾಗುತ್ತದೆ.

1834ರಲ್ಲಿ ಕೊಡಗಿನ ಅರಸ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿದ ಈಸ್ಟ್ ಇಂಡಿಯಾ ಕಂಪನಿಯು ಅಮರಸುಳ್ಯ, ಪುತ್ತೂರು ಸೀಮೆಗಳನ್ನು ಕೊಡಗಿನಿಂದ ಬಿಡಿಸಿ ಕರಾವಳಿಯ ಕೆನರಾ ಜಿಲ್ಲೆಗೆ ಸೇರಿಸಿತು. ಅಲ್ಲಿಯವರೆಗೆ ಬೆಳೆದ ಬೆಳೆಯಲ್ಲಿಯೇ ಕಂದಾಯ ಸಲ್ಲಿಸುತ್ತಿದ್ದ ರೈತ, ಇನ್ನು ಮುಂದೆ ಅದನ್ನು ನಗದಾಗಿ ಕಟ್ಟಬೇಕಾಯಿತು. ಭತ್ತ ಕಣಜದಲ್ಲಿದ್ದರೂ ಕೈಯಲ್ಲಿ ಕಾಸಿಲ್ಲದವನ ಸಂಕಟವನ್ನು ಕಾಫಿ ಬೆಲೆ ಬಿದ್ದ ವರ್ಷಗಳನ್ನು ಕಂಡಿರುವ ನಮ್ಮವರಿಗೆ ವಿವರಿಸಬೇಕಿಲ್ಲ. 1837ರ ಏಪ್ರಿಲ್‌ನಲ್ಲಿ ರಾಜವಂಶದವನೆನ್ನಲಾದ ಕಲ್ಯಾಣಸ್ವಾಮಿಯ (ಜನರ ಬಾಯಲ್ಲಿ ಕಲ್ಯಾಣಪ್ಪ) ಹೆಸರಿನಲ್ಲಿ ಹೊರಟ ರೈತರ ದಂಡು ಮಂಗಳೂರನ್ನು ಹಿಡಿದು, ಬಾವುಟಗುಡ್ಡದಲ್ಲಿ ತನ್ನ ಧ್ವಜವನ್ನೇರಿಸಿ, ಸುಮಾರು ಎರಡು ವಾರ ಆಳಿತು. ಕಟ್ಟುನಿಟ್ಟಾಗಿ ಹೇಳುವುದಾದರೆ ಹಾಡಹಗಲೇ ಹೆದ್ದಾರಿಯಲ್ಲಿ ನಡೆದುಹೋದ ಈ ದಂಡಿನದು ಗೆರಿಲ್ಲಾ ಯುದ್ಧವಲ್ಲ. 1780ರ ದಶಕದಲ್ಲಿ ಕಾಡು, ಕಣಿವೆ, ಕಡಂಗಗಳ (ಕಂದಕಗಳ) ಮರೆಯಿಂದ ಕೊಡಗಿನವರು ಟಿಪ್ಪುವಿನ ಸೇನೆಯನ್ನು ಕಾಡಿದರಲ್ಲ, ಆ ಹೋರಾಟಕ್ಕೆ ಆ ಹೆಸರು ಹೆಚ್ಚು ಒಪ್ಪುತ್ತದೆ. ಸ್ಪ್ಯಾನಿಷ್ ಭಾಷೆಯಲ್ಲಿ 'ಸಣ್ಣ ಯುದ್ಧ' ಎಂಬ ಅರ್ಥವಿರುವ ಆ ಪದ ಜಗತ್ತಿಗೆ ಪರಿಚಯವಾದದ್ದು 1808ರ ನಂತರ, ನೆಪೋಲಿಯನ್ನನ ವಿರುದ್ಧ ಸ್ಪೇನಿನ ಹಳ್ಳಿಗರು ಹೋರಾಡಿದಾಗ. ಕೊಡಗಿನ ಆ ಸಣ್ಣ ಯುದ್ಧಕ್ಕೆ ಟಿಪ್ಪುವಿನ ಆಡಳಿತ ಕೊಟ್ಟ ಉತ್ತರವೆಂದರೆ ಜನರನ್ನೇ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದು; ಮಡಿಕೇರಿಗೆ ಜಾಫರಾಬಾದ್ ಎಂದು ಹೆಸರನ್ನೂ ಇಟ್ಟರು.

ಹೋರಾಟಗಾರನು ಕೈಗೆ ಸಿಗದಿದ್ದಾಗ ಅವನಿಗೆ ಅನ್ನವಿಡುವ ಊರನ್ನು ಎತ್ತುವ ಈ ಉಪಾಯವನ್ನು ಮುಂದಿನ ಸಾಮ್ರಾಜ್ಯಗಳು ಒಂದು ಪದ್ಧತಿಯನ್ನಾಗಿಯೇ ಬೆಳೆಸಿದವು. ದಕ್ಷಿಣ ಆಫ್ರಿಕಾದಲ್ಲಿ ನೆಲೆಸಿದ್ದ ಡಚ್ ಮೂಲದ ಬೋಯರರ ವಿರುದ್ಧದ ಯುದ್ಧದಲ್ಲಿ (1899–1902) ಬ್ರಿಟಿಷರು ಹೊಲಮನೆಗಳನ್ನು ಸುಟ್ಟು ಹೆಂಗಸರನ್ನೂ ಮಕ್ಕಳನ್ನೂ ಶಿಬಿರಗಳಿಗೆ ಕೂಡಿದಾಗ, ಸುಮಾರು 26,000 ಬೋಯರ್ ಹೆಂಗಸರು ಮತ್ತು ಮಕ್ಕಳು ಅಲ್ಲಿ ರೋಗರುಜಿನಗಳಿಂದ ಸತ್ತರು. ಪ್ರತ್ಯೇಕ ಶಿಬಿರಗಳಲ್ಲಿ ಸತ್ತ ಕಪ್ಪು ಜನರ ಲೆಕ್ಕವನ್ನು ಆಗ ಸರಿಯಾಗಿ ಇಡಲೂ ಇಲ್ಲ. ಅದನ್ನು ಯುದ್ಧವೆಂದು ಒಪ್ಪಿಕೊಂಡಿದ್ದರಿಂದ ಸೆರೆಸಿಕ್ಕ ಬೋಯರ್ ಗಂಡಸರು ಮಾತ್ರ ಯುದ್ಧಕೈದಿಗಳೆನಿಸಿದರು. ಅವರಲ್ಲಿ ಕೆಲವರನ್ನು ನಮ್ಮ ಬಳ್ಳಾರಿಗೂ ತಂದಿಡಲಾಗಿತ್ತು.

ಇಂದು ಮಲೇಷ್ಯಾದ ಭಾಗವಾಗಿರುವ ಮಲಯದಲ್ಲಿ ಆ ಒಪ್ಪಿಗೆಯೂ ಇರಲಿಲ್ಲ. 1948ರಿಂದ 1960ರವರೆಗೆ ಹನ್ನೆರಡು ವರ್ಷ ಕಮ್ಯುನಿಸ್ಟ್ ಬಂಡುಕೋರರೊಂದಿಗೆ ನಡೆದ ಕಾಳಗವನ್ನು ಬ್ರಿಟಿಷರು 'ತುರ್ತುಪರಿಸ್ಥಿತಿ' ಎಂದೇ ಕರೆದರು; ಯುದ್ಧವೆಂದರೆ ರಬ್ಬರ್ ತೋಟ ಮತ್ತು ತವರದ ಗಣಿಗಳ ಮಾಲೀಕರಿಗೆ ಲಂಡನ್ನಿನ ವಿಮೆ ಸಿಗುವುದಿಲ್ಲ ಎಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ. ಕಾಡಂಚಿನಲ್ಲಿ ಬೇಸಾಯ ಮಾಡಿಕೊಂಡಿದ್ದ ಚೀನೀಯರೇ ಹೆಚ್ಚಾಗಿದ್ದ ಸುಮಾರು 5 ಲಕ್ಷ ಜನರನ್ನು 1950ರ ಬ್ರಿಗ್ಸ್ ಯೋಜನೆಯಂತೆ ಮುಳ್ಳುತಂತಿಯ ಬೇಲಿಯ 'ಹೊಸ ಹಳ್ಳಿ'ಗಳಿಗೆ ಸಾಗಿಸಲಾಯಿತು. ನಮ್ಮ ತೋಟಗಳ ಕಾರ್ಮಿಕರ ಲೈನ್‌ಮನೆಗಳನ್ನು ಬಲ್ಲವರಿಗೆ ಆ ಚಿತ್ರ ಕಣ್ಣಿಗೆ ಕಟ್ಟುತ್ತದೆ: ಬೆಳಿಗ್ಗೆ ಗೇಟಿನಲ್ಲಿ ಮೈತಡಕಿದ ಮೇಲೆಯೇ ಕೆಲಸಕ್ಕೆ ಹೋಗಬೇಕು, ಕೆಲವೆಡೆ ಅಕ್ಕಿಯನ್ನು ಬೇಯಿಸಿಯೇ ಹಂಚುತ್ತಾರೆ, ಏಕೆಂದರೆ ಅನ್ನ ಕಾಡಿಗೆ ತಲುಪುವಷ್ಟರಲ್ಲಿ ಹಳಸುತ್ತದೆ, ಅಂಗಡಿಯವನು ಆಹಾರದ ಡಬ್ಬಿಗೆ ತೂತು ಹೊಡೆದೇ ಮಾರಬೇಕು. ಕಾಡಿನಲ್ಲಿದ್ದವರನ್ನು ಕಡತಗಳು ಮೊದಲು ಡಕಾಯಿತರೆಂದವು, 1952ರಿಂದ ಕಮ್ಯುನಿಸ್ಟ್ ಭಯೋತ್ಪಾದಕರೆಂದವು. ಯಾವ ಹೆಸರಿನಲ್ಲೂ ಅವರು ಸೈನಿಕರಾಗಲಿಲ್ಲ.

1949ರ ಜಿನೀವಾ ಒಪ್ಪಂದಗಳ 3ನೆಯ ವಿಧಿಯು ದೇಶದೊಳಗಿನ ಸಶಸ್ತ್ರ ಸಂಘರ್ಷದಲ್ಲೂ ಸೆರೆಯಾಳನ್ನು ಹಿಂಸಿಸಬಾರದು, ವಿಚಾರಣೆಯಿಲ್ಲದೆ ಕೊಲ್ಲಬಾರದು ಎಂದು ವಿಧಿಸುತ್ತದೆ. ಆದುದರಿಂದಲೇ ಸರ್ಕಾರಗಳು 'ಸಶಸ್ತ್ರ ಸಂಘರ್ಷ' ಎಂಬ ಮಾತನ್ನು ಉಚ್ಚರಿಸಲು ಹಿಂಜರಿಯುತ್ತವೆ. ಕೀನ್ಯದಲ್ಲಿ 1952ರಲ್ಲಿ ಘೋಷಿಸಿದ್ದೂ ತುರ್ತುಪರಿಸ್ಥಿತಿಯನ್ನೇ. ಬ್ರಿಟಿಷ್ ಆಳ್ವಿಕೆಯ ವಿರುದ್ಧದ ಮೌ ಮೌ ಹೋರಾಟವನ್ನು ಅಡಗಿಸುವ ಹೆಸರಿನಲ್ಲಿ ಅಲ್ಲಿ 1,090 ಜನರನ್ನು ಗಲ್ಲಿಗೇರಿಸಲಾಯಿತು. ಆ ಕಾಲದ ಕಡತಗಳನ್ನು ಬ್ರಿಟನ್ ದಶಕಗಳ ಕಾಲ ಬಚ್ಚಿಟ್ಟಿದ್ದು 2011ರಲ್ಲಿ ನ್ಯಾಯಾಲಯದ ಮೊಕದ್ದಮೆಯೊಂದರಿಂದ ಹೊರಬಿತ್ತು, 2013ರಲ್ಲಿ 5,228 ಮಂದಿಗೆ ಪರಿಹಾರ ಒಪ್ಪಿಕೊಳ್ಳಬೇಕಾಯಿತು. ದಾಖಲೆಗಳ ಜೊತೆ ಬದುಕುವ ನನ್ನಂಥವನಿಗೆ ಗಲ್ಲಿನ ಲೆಕ್ಕಕ್ಕಿಂತ ಕಡತ ಬಚ್ಚಿಟ್ಟ ಆ ಜಾಣತನವೇ ಒಮ್ಮೊಮ್ಮೆ ಹೆಚ್ಚು ಕಾಡುತ್ತದೆ.

ಸ್ವತಂತ್ರ ಭಾರತವೂ ಈ ಪಾಠದಿಂದ ಹೊರಗಿಲ್ಲ. 1966ರ ಮಾರ್ಚ್‌ನಲ್ಲಿ ಪ್ರತ್ಯೇಕ ದೇಶ ಕೇಳುತ್ತಿದ್ದ ಮಿಜೋ ರಾಷ್ಟ್ರೀಯ ರಂಗ ಬಂಡಾಯವೆದ್ದಾಗ ಮಿಜೋ ಬೆಟ್ಟಗಳನ್ನು 'ಪ್ರಕ್ಷುಬ್ಧ ಪ್ರದೇಶ'ವೆಂದು ಘೋಷಿಸಲಾಯಿತು, ಐಜಾಲ್ ಪಟ್ಟಣದ ಮೇಲೆ ವಾಯುಪಡೆ ದಾಳಿ ಮಾಡಿತು, ಮರುವರ್ಷದಿಂದ ಹಳ್ಳಿಗಳನ್ನು ಖಾಲಿಮಾಡಿಸಿ ಹೆದ್ದಾರಿಯ ಬದಿಯಲ್ಲಿ ಗುಂಪುಗೂಡಿಸಲಾಯಿತು. ಮಲಯದ 'ಹೊಸ ಹಳ್ಳಿ' ಇಲ್ಲಿ 'ಸಂರಕ್ಷಿತ ಮತ್ತು ಪ್ರಗತಿಶೀಲ ಹಳ್ಳಿ'ಯಾಯಿತು. 1986ರ ಒಪ್ಪಂದದ ಬಳಿಕ ಬಂಡಾಯದ ನಾಯಕ ಲಾಲ್‌ಡೆಂಗಾ ಅವರೇ ಮುಖ್ಯಮಂತ್ರಿಯಾದರು.

1837ರ ಕೊಡಗಿಗೆ ಮರಳಿದರೆ, ಅಲ್ಲಿ ಕಂಪನಿ ಹಗ್ಗವೊಂದನ್ನೇ ಬಳಸಲಿಲ್ಲ. ದಂಗೆಯನ್ನಡಗಿಸಲು ನೆರವಾದವರಿಗೆ ಕೊಡಗಿನ ಯೋಧನ ಚಿತ್ರ ಕೆತ್ತಿದ ಚಿನ್ನ ಮತ್ತು ಬೆಳ್ಳಿಯ ಪದಕಗಳನ್ನು ಕೊಟ್ಟಿತು. 1857ರ ನಂತರ ದೇಶವನ್ನೆಲ್ಲ ನಿರಾಯುಧಗೊಳಿಸುತ್ತಿದ್ದಾಗ, 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡಗಿನವರ ನಿಷ್ಠೆಯನ್ನು ಹೊಗಳಿ ಆ ನಿರಾಯುಧೀಕರಣದ ಕಾಯಿದೆಯಿಂದ ವಿನಾಯಿತಿ ಕೊಟ್ಟರು. ಇಂದು ಕೊಡಗಿನ ಆಯುಧಪೂಜೆಯಾದ ಕೈಲ್ ಪೊಳ್ದ್ ದಿನ ಪೂಜೆಗಿಡುವ ಕೋವಿಯ ಹಿಂದೆ ಈ ಕಾಗದವೂ ಇದೆ. ಪದಕ ಪಡೆದ ಮನೆತನಗಳವರೂ ದಂಡಿನೊಂದಿಗೆ ನಡೆದವರ ಮೊಮ್ಮಕ್ಕಳ ಮೊಮ್ಮಕ್ಕಳೂ ನನ್ನ ತರಗತಿಯಲ್ಲಿ ಒಂದೇ ಬೆಂಚಿನಲ್ಲಿ ಕುಳಿತಿರುತ್ತಾರೆ. ಆದುದರಿಂದ ಯುದ್ಧವೋ ದಂಗೆಯೋ ಎಂದು ಕೇಳಿದವರಿಗೆ, ಮನೆಗೆ ಹೋಗಿ ಅಜ್ಜಿ ಆ ಮಾತನ್ನು ಯಾರ ಬಾಯಿಂದ ಕೇಳಿದ್ದರೆಂದು ವಿಚಾರಿಸಿಕೊಂಡು ಬನ್ನಿ ಎಂದು ಹೇಳಿ ಕಳುಹಿಸುತ್ತೇನೆ.