ನೋಟ್‌ಪ್ಯಾಡ್: ಮೊದಲು ಸೆಲೆಕ್ಟ್, ಆಮೇಲೆ ಕೆಲಸ

ಕಂಪ್ಯೂಟರ್ ಕಲಿಯಲು ಶುರು ಮಾಡಿದವರು ನೋಟ್‌ಪ್ಯಾಡನ್ನು ಒಂದು ಸಲ ತೆರೆದು ನೋಡಿ ಸೀದಾ ವರ್ಡ್‌ಗೆ ಹೋಗಿಬಿಡುತ್ತಾರೆ. ಸ್ವಲ್ಪ ದಿನ ಇಲ್ಲೇ ಇರಿ ಅನ್ನುತ್ತೇನೆ ನಾನು. ಇಲ್ಲಿ ಚಿತ್ರ ಹಾಕುವ ಗೋಜಿಲ್ಲ, ಬೋಲ್ಡ್ ಥರದ ಅಲಂಕಾರ ವಿಂಡೋಸ್ 11ರ ಹೊಸ ಆವೃತ್ತಿಯಲ್ಲಿ ಮಾತ್ರ. 1985ರಲ್ಲಿ ವಿಂಡೋಸ್ 1.0 ಜೊತೆಗೇ ಬಂದ ಪ್ರೋಗ್ರಾಂ ಇದು. ಎಡಗೈಗೆ ಕೀಬೋರ್ಡ್, ಬಲಗೈಗೆ ಮೌಸ್ ಅಭ್ಯಾಸ ಆಗೋದಕ್ಕೆ ಇದಕ್ಕಿಂತ ಸುಲಭದ ಜಾಗ ಸಿಗುವುದಿಲ್ಲ.

ಎಲ್ಲದಕ್ಕೂ ಬುಡ ಒಂದೇ. ಯಾವ ಅಕ್ಷರಗಳ ಮೇಲೆ ಕೆಲಸ ಆಗಬೇಕೋ ಅವನ್ನು ಮೊದಲು ಸೆಲೆಕ್ಟ್ ಮಾಡಿ, ಏನು ಆಗಬೇಕು ಅನ್ನೋದನ್ನು ಆಮೇಲೆ ಹೇಳಿ. ಈಗ ಇದು ಸಹಜ ಅನ್ನಿಸುತ್ತದೆ, ಅಲ್ವಾ? ಹಿಂದೆ ಹೀಗಿರಲಿಲ್ಲ. 1970ರ ದಶಕದಲ್ಲಿ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ಬ್ರಾವೋ ಎಂಬ ಎಡಿಟರ್, ಅಂದರೆ ಬರಹ ತಿದ್ದುವ ಪ್ರೋಗ್ರಾಂ, ಇತ್ತು. ಅದರಲ್ಲಿ ಅಕ್ಷರದ ಕೀಗಳೇ ಆಜ್ಞೆಗಳು. ಬರೆಯಬೇಕಾದರೆ ಮೊದಲು ಬರೆಯುವ ಸ್ಥಿತಿಗೆ ಹೋಗಬೇಕು. ಅದನ್ನು ಮರೆತು ಇಂಗ್ಲಿಷಿನ 'ಎಡಿಟ್' ಪದವನ್ನು ಟೈಪ್ ಮಾಡಿದರೆ ಏನಾಗುತ್ತಿತ್ತು ನೋಡಿ: ಇ ಅಂದರೆ ಎಲ್ಲವನ್ನೂ ಆರಿಸು, ಡಿ ಅಂದರೆ ಅಳಿಸು, ಐ ಅಂದರೆ ಸೇರಿಸು, ಕೊನೆಗೆ ಟಿ. ಇಡೀ ಬರಹ ಹೋಗಿ ಒಂದು ಟಿ ಉಳಿಯುತ್ತಿತ್ತು. ಅದೇ ಕೇಂದ್ರದಲ್ಲಿದ್ದ ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್ ಈ ತೊಂದರೆ ಇಲ್ಲದ ಜಿಪ್ಸಿ ಎಂಬ ಎಡಿಟರ್ ಕಟ್ಟಿದರು. ನಾವು ಬಳಸುವ ಕಟ್, ಕಾಪಿ, ಪೇಸ್ಟ್ ಬೆಳೆದು ಬಂದದ್ದು ಅಲ್ಲಿಂದ.

ಇನ್ನು ಸೆಲೆಕ್ಟ್ ಮಾಡುವುದು. ಹತ್ತಿರದ ಸಾಲಿಗೆ ಮೌಸ್ ಸಾಕು: ಪದದ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಪದ ಪೂರ್ತಿ ನೀಲಿಯಾಗುತ್ತದೆ. ಉದ್ದ ಭಾಗಕ್ಕೆ ಮೌಸ್ ಎಳೆಯುತ್ತಾ ಕೂರಬೇಡಿ, ಪುಟ ಓಡಿಹೋಗಿ ಕೈ ತಪ್ಪುತ್ತದೆ. ಶುರುವಿನಲ್ಲಿ ಒಂದು ಕ್ಲಿಕ್ ಮಾಡಿ, ಚಕ್ರ ತಿರುಗಿಸಿ ಕೆಳಗೆ ಹೋಗಿ, ಶಿಫ್ಟ್ ಹಿಡಿದು ಕೊನೆಯಲ್ಲಿ ಇನ್ನೊಂದು ಕ್ಲಿಕ್. ನಡುವಿನದ್ದೆಲ್ಲ ಆಯ್ಕೆಯಾಯಿತು. ಒಂದೆರಡು ಅಕ್ಷರ ಹೆಚ್ಚುಕಮ್ಮಿ ಆದರೆ ಶಿಫ್ಟ್ ಬಿಡದೆ ಬಾಣದ ಕೀಲಿಯಿಂದ ಸರಿಮಾಡಿ. ದೂರ ಹೋಗಲು ಮೌಸ್, ಕರಾರುವಾಕ್ಕಾಗಿ ನಿಲ್ಲಲು ಕೀಬೋರ್ಡ್. ಆಮೇಲೆ ಕಂಟ್ರೋಲ್ ಹಿಡಿದು ಕಾಪಿಗೆ ಸಿ, ಕಟ್‌ಗೆ ಎಕ್ಸ್, ಪೇಸ್ಟ್‌ಗೆ ವಿ ಒತ್ತಿ. ಒಂದು ಎಚ್ಚರಿಕೆ: ನೀಲಿಯಾಗಿರುವಾಗ ಯಾವ ಅಕ್ಷರ ಒತ್ತಿದರೂ ಆಯ್ದದ್ದು ಮಾಯವಾಗಿ ಆ ಅಕ್ಷರ ಬರುತ್ತದೆ. ಗಾಬರಿ ಬೇಡ, ಮಾಡಿದ್ದನ್ನು ರದ್ದು ಮಾಡಲು ಕಂಟ್ರೋಲ್ ಝಡ್ ಇದೆ. ಆದರೆ ವಿಂಡೋಸ್ 10ರ ನೋಟ್‌ಪ್ಯಾಡ್ ಒಂದೇ ಹೆಜ್ಜೆ ಹಿಂದೆ ಹೋಗುತ್ತದೆ, ಎರಡನೇ ಸಲ ಒತ್ತಿದರೆ ತಪ್ಪೇ ವಾಪಸ್ ಬರುತ್ತದೆ. ವಿಂಡೋಸ್ 11ರಲ್ಲಿ ಇದು ಸರಿಯಾಗಿದೆ.

ಕನ್ನಡದಲ್ಲಿ ಬರೆಯುವವರು ಗಮನಿಸಬೇಕಾದ ವಿಷಯ ಬೇರೆ ಇದೆ. 'ಸ್ತ್ರೀ' ಅಂತ ಟೈಪ್ ಮಾಡಿ. ಕಣ್ಣಿಗೆ ಒಂದೇ ಅಕ್ಷರ, ಕಂಪ್ಯೂಟರಿಗೆ ಆರು: ಸ, ಅರ್ಧಾಕ್ಷರದ ಗುರುತು, ತ, ಮತ್ತೆ ಅದೇ ಗುರುತು, ರ, ಕೊನೆಗೆ ಗುಡಿಸಿನ ದೀರ್ಘ. ಬಾಣದ ಕೀ ಇದನ್ನು ಒಂದೇ ನೆಗೆತಕ್ಕೆ ದಾಟುತ್ತದೆ. ಡಿಲೀಟ್ ಒತ್ತಿದರೆ ಪೂರ್ತಿ ಹೋಗುತ್ತದೆ. ಬ್ಯಾಕ್‌ಸ್ಪೇಸ್ ಮಾತ್ರ ಹಿಂದಿನಿಂದ ಒಂದೊಂದೇ ತೆಗೆಯುತ್ತದೆ: ಸ್ತ್ರ, ಸ್ತ್, ಸ್ತ, ಹೀಗೆ. ಇದು ಅನುಕೂಲವೇ. 'ಸ್ತ್ರಿ' ಅಂತ ಹ್ರಸ್ವ ಬಿದ್ದಿದ್ದರೆ ಒಂದು ಸಲ ಬ್ಯಾಕ್‌ಸ್ಪೇಸ್ ಒತ್ತಿ ದೀರ್ಘ ಹಾಕಿದರೆ ಆಯಿತು, ಇಡೀ ಒತ್ತಕ್ಷರ ಮತ್ತೆ ಟೈಪ್ ಮಾಡಬೇಕಿಲ್ಲ.

ಕಂಟ್ರೋಲ್ ಎಫ್ ಹುಡುಕಲು, ಎಫ್3 ಮುಂದಿನದಕ್ಕೆ, ಕಂಟ್ರೋಲ್ ಎಚ್ ಬದಲಿಸಲು. 'ರಿಪ್ಲೇಸ್ ಆಲ್' ಬಟನ್ ಕನ್ನಡಕ್ಕೆ ಬಹಳ ಅಪಾಯ. 'ಮನೆ' ಇರುವಲ್ಲೆಲ್ಲ 'ಗೃಹ' ಹಾಕು ಅಂದರೆ ಅರಮನೆ 'ಅರಗೃಹ' ಆಗುತ್ತದೆ, ಮನೆತನ 'ಗೃಹತನ' ಆಗುತ್ತದೆ, 'ಮನೆಗೆ' ಅನ್ನೋದು 'ಗೃಹಗೆ' ಅಂತ ನಿಲ್ಲುತ್ತದೆ. ವಿಭಕ್ತಿ ಪ್ರತ್ಯಯ ಪದಕ್ಕೇ ಅಂಟಿಕೊಳ್ಳುವ ಭಾಷೆ ನಮ್ಮದು. ಅದಕ್ಕೇ ಒಂದೊಂದನ್ನೇ ನೋಡಿ ಬದಲಿಸಿ, ತಡವಾದರೂ ಪರವಾಗಿಲ್ಲ.

ಓದಿನ ಡೈರಿ ಬೇಕೆನ್ನುವವರಿಗೆ ಎಫ್5 ಇದೆ, ಒತ್ತಿದ ಕೂಡಲೇ ಸಮಯ, ತಾರೀಖು ಬೀಳುತ್ತದೆ. ಫೈಲಿನ ಮೊದಲ ಸಾಲಿನಲ್ಲಿ ಒಂದು ಚುಕ್ಕಿ ಇಟ್ಟು, ಜಾಗ ಬಿಡದೆ ಇಂಗ್ಲಿಷಿನ ದೊಡ್ಡ ಅಕ್ಷರದಲ್ಲಿ ಎಲ್, ಒ, ಜಿ ಬರೆದು ಸೇವ್ ಮಾಡಿದರೆ ಪ್ರತಿ ಸಲ ತೆರೆದಾಗಲೂ ಕೊನೆಯಲ್ಲಿ ತಾನೇ ತಾರೀಖು ಹಾಕುತ್ತದೆ.

ಸೇವ್ ಮಾಡಲು ಕಂಟ್ರೋಲ್ ಎಸ್. ಹಳೆಯ ಕಂಪ್ಯೂಟರಿನಲ್ಲಿ ಕೂತಿದ್ದರೆ ಸುಮ್ನೆ ಸೇವ್ ಒತ್ತಬೇಡಿ. 'ಸೇವ್ ಆ್ಯಸ್' ಕಿಟಕಿಯ ಕೆಳಗೆ ಎನ್‌ಕೋಡಿಂಗ್ (ಅಕ್ಷರಗಳನ್ನು ಫೈಲಿನಲ್ಲಿ ಉಳಿಸುವ ಕ್ರಮ) ಅಂತ ಇರುತ್ತದೆ, ಅಲ್ಲಿ ಕನ್ನಡಕ್ಕೆ ಜಾಗವಿಲ್ಲದ ಹಳೆಯ 'ಆನ್ಸಿ' ಇದ್ದರೆ ಕನ್ನಡವನ್ನೂ ಹಿಡಿಯುವ ಯುಟಿಎಫ್-8 ಮಾಡಿ. 2019ರ ವಿಂಡೋಸ್ 10 ಅಪ್‌ಡೇಟಿನಿಂದ ಈಚೆಗೆ ಯುಟಿಎಫ್-8 ತಾನಾಗಿಯೇ ಇರುತ್ತದೆ, ಅದಕ್ಕೂ ಮುಂಚಿನದರಲ್ಲಿ ಇರುವುದಿಲ್ಲ. ಆನ್ಸಿಯಲ್ಲಿ ಉಳಿಸಿ ಮುಚ್ಚಿದ ಕನ್ನಡ ಫೈಲನ್ನು ಮತ್ತೆ ತೆರೆದರೆ ಸಾಲು ಸಾಲು ಪ್ರಶ್ನೆಚಿಹ್ನೆಗಳು ಕಾಣುತ್ತವೆ, ಯಾವ ಫಾಂಟ್ ಹಾಕಿದರೂ ಅಕ್ಷರ ವಾಪಸ್ ಬರುವುದಿಲ್ಲ.